ದಪ್ಪ ತಗಡಿನ ಕೀರ್ತಿ: ಹಳೆಯ ಅಮೆರಿಕನ್ ಗಾಡಿಗಳ ಗುಣಮಟ್ಟದ ಮರುಪರಿಶೀಲನೆ

2009ರಲ್ಲಿ ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಐವತ್ತು ವರ್ಷ ತುಂಬಿತು. ಆ ನೆನಪಿಗೆ ಅದು 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಗಂಟೆಗೆ 40 ಮೈಲಿ ವೇಗದಲ್ಲಿ ಮುಖಾಮುಖಿ ಡಿಕ್ಕಿ ಹೊಡೆಸಿತು. ದಪ್ಪ ತಗಡಿನ, ಭಾರದ ಬಂಪರಿನ ಬೆಲ್ ಏರ್ ಹೊಸ ಕಾರನ್ನು ನುಜ್ಜುಗುಜ್ಜು ಮಾಡುತ್ತದೆಂದು ಎಷ್ಟೋ ಜನ ನಂಬಿದ್ದರು. ಆದದ್ದು ಬೇರೆ. ಬೆಲ್ ಏರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿದುಹೋಯಿತು. ಅಲ್ಲಿ ಕೂರಿಸಿದ್ದ ಪರೀಕ್ಷಾ ಗೊಂಬೆಯ ಬದಲು ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಚಾಲಕನಿಗೆ ಕಾಲಿಗೆ ಪೆಟ್ಟಾಗಿ ಮುಗಿಯುತ್ತಿತ್ತು.

ಹಳೆಯ ಅಮೆರಿಕನ್ ಕಾರು, ಟ್ರಕ್ಕುಗಳ ಬಗ್ಗೆ ಎರಡು ಮಾತು ಜೊತೆಜೊತೆಗೇ ಓಡಾಡುತ್ತವೆ. ಅವು ಕಬ್ಬಿಣದ ಕೋಟೆಗಳು ಎಂಬುದು ಒಂದು. ಕೊಂಡ ವರ್ಷವೇ ಕೈಕೊಡುವ ಡಬ್ಬಗಳು ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ. ತೊಡಕು ಇರುವುದು ‘ಗಟ್ಟಿ’ ಎಂಬ ಒಂದೇ ಪದದಲ್ಲಿ. ತಗಡಿನ ದಪ್ಪ, ಕೆಡದೆ ಓಡುವ ಗುಣ, ಕೆಟ್ಟರೆ ಸುಲಭವಾಗಿ ರಿಪೇರಿಯಾಗುವ ಗುಣ, ಈ ಮೂರನ್ನೂ ನಾವು ಅದೇ ಪದದಲ್ಲಿ ತುಂಬಿಬಿಟ್ಟಿದ್ದೇವೆ. ಇವನ್ನು ಬಿಡಿಸಿ ನೋಡಿದರೆ ಅಮೆರಿಕನ್ ಗಾಡಿಯ ನಿಜವಾದ ಹೆಗ್ಗಳಿಕೆ ಮೂರನೆಯದರಲ್ಲಿತ್ತು ಎಂಬುದು ನನ್ನ ವಾದ.

ಈ ಹೆಗ್ಗಳಿಕೆ ಶುರುವಾದದ್ದು 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಿಂದ. ವನೇಡಿಯಂ ಬೆರೆಸಿದ ಹಗುರವಾದ ಗಟ್ಟಿ ಉಕ್ಕು, ಕೆಸರು ರಸ್ತೆಯಲ್ಲೂ ತಳ ತಾಗದ ಎತ್ತರ, ಎಲ್ಲ ಗಾಡಿಗೂ ಒಂದೇ ಅಳತೆಯ ಬಿಡಿಭಾಗ. 1913ರಲ್ಲಿ ಹೈಲ್ಯಾಂಡ್ ಪಾರ್ಕಿನಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಬೆಲೆ ಇಳಿಯುತ್ತಲೇ ಹೋಯಿತು. 1927ರವರೆಗೆ ಸುಮಾರು ಒಂದೂವರೆ ಕೋಟಿ ಗಾಡಿಗಳು ತಯಾರಾದವು. ಅದು ಕೆಡುತ್ತಿರಲಿಲ್ಲ ಎಂದಲ್ಲ, ಆಗಾಗ ಕೆಡುತ್ತಿತ್ತು. ಆದರೆ ಒಂದು ಸ್ಪ್ಯಾನರು, ಒಂದು ಸುತ್ತಿಗೆ ಇದ್ದ ರೈತ ಹೊಲದ ಬದುವಿನಲ್ಲೇ ಅದನ್ನು ಸರಿಮಾಡಿಕೊಳ್ಳುತ್ತಿದ್ದ. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಬೆಲ್ಟು ಕಟ್ಟಿ, ಸೌದೆ ಕೊಯ್ಯುವ ಗರಗಸವನ್ನೂ ಅದರಿಂದಲೇ ಓಡಿಸುತ್ತಿದ್ದ.

ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದರು. ವರ್ಷಕ್ಕೊಂದು ಹೊಸ ರೂಪ ಕೊಟ್ಟರೆ ಹಳೆಯದು ಓಡುತ್ತಿದ್ದರೂ ಜನ ಹೊಸದು ಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. 1927ರಲ್ಲಿ ಹಾರ್ಲಿ ಅರ್ಲ್ ನೇತೃತ್ವದಲ್ಲಿ ವಿನ್ಯಾಸಕ್ಕೆಂದೇ ಒಂದು ವಿಭಾಗ ಹುಟ್ಟಿತು. ಮೂವತ್ತು ವರ್ಷದ ನಂತರ ಈ ಪೈಪೋಟಿಯ ಬೆಲೆಯನ್ನು ಕ್ರೈಸ್ಲರ್ ತೆತ್ತಿತು. ವರ್ಜಿಲ್ ಎಕ್ಸ್‌ನರ್ ರೂಪಿಸಿದ 1957ರ ಮಾದರಿಗಳು ನೋಡಲು ಅಪೂರ್ವ, ರಸ್ತೆಯಲ್ಲಿ ತಿರುವಿಗೆ ಮಣಿಯುವುದರಲ್ಲೂ ಮುಂದೆ. ಆದರೆ ತರಾತುರಿಯಲ್ಲಿ ಮಾರುಕಟ್ಟೆಗೆ ಬಂದವು. ಮಳೆನೀರು ಒಳಗೆ ಇಳಿಯಿತು, ತಗಡು ಬೇಗನೆ ತುಕ್ಕು ಹಿಡಿಯಿತು. ಇಂದು ಸಂಗ್ರಹಕಾರರು ಕಣ್ಣಿಗೊತ್ತಿಕೊಳ್ಳುವ ಕಾರುಗಳೇ ಅಂದು ಕಂಪನಿಯ ಹೆಸರು ಕೆಡಿಸಿದವು.

ಆ ಕಾಲದ ನಿರೀಕ್ಷೆ ಎಷ್ಟಿತ್ತು ಎಂಬುದಕ್ಕೆ ವಾರಂಟಿ ಚೀಟಿಗಿಂತ ಒಳ್ಳೆಯ ದಾಖಲೆ ಬೇಕಿಲ್ಲ. 1960ರವರೆಗೆ ಉದ್ಯಮದ ರೂಢಿ 90 ದಿನ ಅಥವಾ 4,000 ಮೈಲಿ. ಆಮೇಲೆ ಅದು 12 ತಿಂಗಳು, 12,000 ಮೈಲಿಗೆ ಏರಿತು. 1963ರ ಮಾದರಿಗಳಿಗೆ ಕ್ರೈಸ್ಲರ್ ಎಂಜಿನ್, ಗೇರ್‌ಬಾಕ್ಸುಗಳ ಮೇಲೆ ಐದು ವರ್ಷ, 50,000 ಮೈಲಿಯ ಭರವಸೆ ಕೊಟ್ಟಾಗ ಅದು ದೊಡ್ಡ ಸುದ್ದಿಯಾಯಿತು. ಮೈಲಿ ತೋರಿಸುವ ಮೀಟರಿನಲ್ಲಿ ಐದೇ ಅಂಕಿ. ಲಕ್ಷ ಮೈಲಿ ದಾಟಿದರೆ ಮತ್ತೆ ಸೊನ್ನೆ. ಅಷ್ಟು ಓಡುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಾಗಿದ್ದರೂ ಅದೇ ಕಾಲ ಬಹುಕಾಲ ಬಾಳಿದ ಎಂಜಿನ್ನುಗಳನ್ನು ಕೊಟ್ಟಿತು. 1960ರ ಮಾದರಿಯ ಕ್ರೈಸ್ಲರ್ ಕಂಪನಿಯ ವ್ಯಾಲಿಯಂಟಿನಲ್ಲಿ ಬಂದ, 30 ಡಿಗ್ರಿ ಓರೆಯಾಗಿ ಕೂರಿಸಿದ ಆರು ಸಿಲಿಂಡರಿನ ‘ಸ್ಲಾಂಟ್ ಸಿಕ್ಸ್’ ಅಂಥದ್ದು. 1965ರಿಂದ 1996ರವರೆಗೆ ತಯಾರಾದ ಫೋರ್ಡಿನ 300 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ ಇನ್ನೊಂದು. ಎರಕದ ಕಬ್ಬಿಣದ ಬ್ಲಾಕು, ಕ್ರ್ಯಾಂಕ್ ಶಾಫ್ಟಿಗೆ ಏಳು ಬೇರಿಂಗು, ಟೈಮಿಂಗಿಗೆ ಸರಪಳಿಯ ಬದಲು ನೇರ ಗೇರು. ಶಕ್ತಿ ಸಾಧಾರಣ, ಆಯುಸ್ಸು ದೀರ್ಘ. ಇದು ಹೆಚ್ಚಾಗಿ ಸೇರಿದ್ದು ಟ್ರಕ್ಕುಗಳಿಗೆ ಎಂಬುದು ಗಮನಿಸಬೇಕಾದ ವಿಷಯ. ಟ್ರಕ್ಕು ದುಡಿಮೆಯ ಗಾಡಿ. ಅದರ ರೂಪ ವರ್ಷವರ್ಷ ಬದಲಾಗಬೇಕಿರಲಿಲ್ಲ. 1973ರಲ್ಲಿ ಬಂದ ಷೆವರ್ಲೆ ಪಿಕಪ್ಪಿನ ದೇಹ 1987ರವರೆಗೂ ನಡೆಯಿತು. ಒಂದೇ ಗಾಡಿಯನ್ನು ಹಲವು ವರ್ಷ ಕಟ್ಟಿದಾಗ ತಪ್ಪುಗಳನ್ನು ತಿದ್ದಲು ಸಮಯ ಸಿಗುತ್ತದೆ. ಅಮೆರಿಕನ್ ಟ್ರಕ್ಕಿನ ಹೆಸರು ಕಾರಿನ ಹೆಸರಿನಷ್ಟು ಕೆಡದೆ ಉಳಿದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜೀಪುಗಳೂ ಜಿಎಂಸಿ, ಸ್ಟುಡ್‌ಬೇಕರ್ ಟ್ರಕ್ಕುಗಳೂ ಗಳಿಸಿದ್ದ ಮನ್ನಣೆ ಅದಕ್ಕೆ ಹಿನ್ನೆಲೆಯಾಗಿತ್ತು.

ಅಮೆರಿಕನ್ ಗಾಡಿಗಳ ಮನ್ನಣೆ ನಮ್ಮವರೆಗೂ ಬಂತು. ಮೋಟಾರು ಉದ್ಯಮ ಇಲ್ಲಿಯೇ ಬೆಳೆಯಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯ 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಮುಂದೆ ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಕಂಪನಿ ಕ್ರೈಸ್ಲರ್ ಜೊತೆಗೂಡಿ ಮುಂಬಯಿಯಲ್ಲಿ ಡಾಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೋ ಲಾರಿಗಳನ್ನೂ ಜೋಡಿಸಿತು. ಮಹೀಂದ್ರ ವಿಲ್ಲಿಸ್ ಜೀಪ್ ತಂದಿತು. ಮಲೆನಾಡು, ಕೊಡಗಿನ ಕಾಫಿ ತೋಟಗಳ ಏರುದಾರಿಗೆ ಅದು ಒಗ್ಗಿತು. ಅಂಥ ಜೀಪು ದಶಕಗಳ ಕಾಲ ಓಡಿದ್ದರೆ ಅದರ ಎಂಜಿನ್ನನ್ನು ಮತ್ತೆ ಮತ್ತೆ ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ ಓಡಿಸಿದ ಮೆಕ್ಯಾನಿಕ್ಕುಗಳ ಪಾಲೂ ಅದರಲ್ಲಿದೆ. ಕ್ಯೂಬಾದ ಬೀದಿಗಳಲ್ಲಿ ಇಂದಿಗೂ ಕಾಣುವ ಐವತ್ತರ ದಶಕದ ಕಾರುಗಳ ಕತೆಯೂ ಇದೇ: ಹೊರಗಿನ ದೇಹ ಅಮೆರಿಕದ್ದು, ಒಳಗಿನ ಎಂಜಿನ್ ಎಷ್ಟೋ ಸಲ ರಷ್ಯಾದ್ದು ಅಥವಾ ಜಪಾನಿನದು. ಗುಜರಿಗೆ ಹೋದ ಲಕ್ಷಾಂತರ ಗಾಡಿಗಳು ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದವಷ್ಟೇ ಕಣ್ಣಿಗೆ ಬೀಳುತ್ತವೆ.

ಇನ್ನು ಅಮೆರಿಕನ್ ಕಾರಿನ ಹೆಸರು ಕೆಟ್ಟ ಕಾಲಕ್ಕೆ ಉದಾಹರಣೆಯಾಗಿ ಷೆವರ್ಲೆ ವೇಗಾವನ್ನು ತುಸು ವಿವರವಾಗಿ ನೋಡಬೇಕು. 1970ರ ಸೆಪ್ಟೆಂಬರಿನಲ್ಲಿ ಬಂದ ಈ ಸಣ್ಣ ಕಾರು ಜರ್ಮನಿ, ಜಪಾನಿನ ಕಾರುಗಳಿಗೆ ಜನರಲ್ ಮೋಟರ್ಸ್ ಕೊಟ್ಟ ಉತ್ತರ. ‘ಮೋಟರ್ ಟ್ರೆಂಡ್’ ಪತ್ರಿಕೆ ಅದಕ್ಕೆ 1971ರ ವರ್ಷದ ಕಾರು ಎಂಬ ಗೌರವ ಕೊಟ್ಟಿತು. ಸಿಲಿಂಡರ್ ಬ್ಲಾಕು ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಸ್ಲೀವ್ ಇಲ್ಲ. ಮೇಲಿನ ಹೆಡ್ಡು ಕಬ್ಬಿಣ. ಎಂಜಿನ್ ಕಾದರೆ ಗ್ಯಾಸ್ಕೆಟ್ ಹೋಗುತ್ತಿತ್ತು, ಸಿಲಿಂಡರಿನ ಗೋಡೆ ಗೀರಿ ಆಯಿಲ್ ಸುಡುತ್ತಿತ್ತು. ಬಣ್ಣದ ತೊಟ್ಟಿಯಲ್ಲಿ ಅದ್ದುವಾಗ ಮುಂದಿನ ಮಡ್‌ಗಾರ್ಡಿನ ಒಳಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ಅಲ್ಲಿಗೆ ಬಣ್ಣವೇ ತಾಗುತ್ತಿರಲಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಕೆಲವೇ ಚಳಿಗಾಲಗಳಲ್ಲಿ ಅಲ್ಲಿ ತೂತು ಬೀಳುತ್ತಿತ್ತು. ಅಲ್ಲಿ ಹಾಕಬೇಕಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಖರ್ಚು ಉಳಿಸಲು ಕೈಬಿಟ್ಟಿದ್ದರು.

ವೇಗಾ ತಯಾರಾದದ್ದು ಒಹಾಯೊ ರಾಜ್ಯದ ಲಾರ್ಡ್ಸ್‌ಟೌನಿನಲ್ಲಿ. ಗಂಟೆಗೆ 100 ಕಾರು ಎಂಬುದು ಗುರಿ. ಅಂದರೆ ಒಬ್ಬ ಕೆಲಸಗಾರನ ಮುಂದೆ ಒಂದು ಕಾರು ನಿಲ್ಲುವುದು 36 ಸೆಕೆಂಡು. ಆಳುಗಳನ್ನು ಕಡಿಮೆ ಮಾಡಿ ಉಳಿದವರ ಮೇಲೆ ಕೆಲಸ ಹೇರಿದಾಗ ತಕರಾರುಗಳು ಸಾವಿರಗಟ್ಟಲೆ ಏರಿದವು. 1972ರ ಮಾರ್ಚಿನಲ್ಲಿ ಮುಷ್ಕರವಾಯಿತು. ಉದ್ದ ಕೂದಲು ಬಿಟ್ಟ ಅಲ್ಲಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ ಎಂಬ ಮಾತು ಆಗ ಹಬ್ಬಿತು, ಇಂದಿಗೂ ಕೇಳುತ್ತದೆ. ಬ್ಲಾಕಿನ ವಿನ್ಯಾಸ, ಬಣ್ಣದ ತೊಟ್ಟಿ, ಹೊದಿಕೆಯ ಉಳಿತಾಯ, ಈ ಯಾವುದನ್ನೂ ನಿರ್ಧರಿಸಿದವರು ಆ ಹುಡುಗರಲ್ಲ.

ತಪ್ಪು ಕೆಲಸಗಾರರದ್ದಲ್ಲ ಎಂಬುದಕ್ಕೆ ಪುರಾವೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಸಿಕ್ಕಿತು. ಗೈರುಹಾಜರಿ, ಜಗಳ, ಕಳಪೆ ಕೆಲಸಕ್ಕೆ ಕುಖ್ಯಾತವಾಗಿದ್ದ ಅಲ್ಲಿನ ಕಾರ್ಖಾನೆಯನ್ನು ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆಯಿತು. ಕಾರ್ಮಿಕ ಸಂಘ ಅದೇ, ಕೆಲಸಗಾರರಲ್ಲಿ ಬಹುಪಾಲು ಅವರೇ. ಬದಲಾದದ್ದು ಆಡಳಿತದ ರೀತಿ. ತಪ್ಪು ಕಂಡರೆ ಹಗ್ಗ ಎಳೆದು ಸಾಲನ್ನೇ ನಿಲ್ಲಿಸುವ ಅಧಿಕಾರ ಕೆಲಸಗಾರನಿಗೆ ಬಂತು. ಕೆಲ ವರ್ಷಗಳಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಜೋಡಣೆಯ ದೋಷಗಳನ್ನು ಎಣಿಸಿದರು. ಜನರಲ್ ಮೋಟರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 100 ಕಾರುಗಳಿಗೆ 130 ದೋಷ, ಜಪಾನಿನಲ್ಲಿ ಟೊಯೊಟಾದ ತಕಾವೊಕಾದಲ್ಲಿ 45, ಫ್ರೀಮಾಂಟಿನಲ್ಲೂ 45.