ಪೂರ್ಣಾಂಕ ಭಾಗಾಕಾರ (ತಂತ್ರಾಂಶದಲ್ಲಿ)

ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿ ಭಾಗಲಬ್ಧ, ಶೇಷಗಳನ್ನು ಕೊಡುವ ಕ್ರಮವಿಧಿ. ಗಣಕದ ನಾಲ್ಕು ಮೂಲ ಗಣಿತಕ್ರಿಯೆಗಳಲ್ಲಿ ಸಾಮಾನ್ಯವಾಗಿ ಇದೇ ನಿಧಾನದ್ದು. ಭಾಗಲಬ್ಧದ ಒಂದು ಅಂಕಿ ಗೊತ್ತಾಗದೆ ಮುಂದಿನದಕ್ಕೆ ಹೋಗುವಂತಿಲ್ಲ. ಇದನ್ನು ಚುರುಕುಗೊಳಿಸಿದಾಗಲೆಲ್ಲ ತಪ್ಪು ಅಡಗುವ ಜಾಗವೂ ಬದಲಾಗಿದೆ.

ಬೆಳವಣಿಗೆ. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ ಎಡ್ಸಾಕ್ ಗಣಕಕ್ಕೆ ಭಾಗಾಕಾರದ ಆದೇಶವೇ ಇರಲಿಲ್ಲ. ಆ ಕೆಲಸ ಉಪಕ್ರಮವಿಧಿಯದಾಗಿತ್ತು. ಆರ್ಮ್ ಕಾರ್ಟೆಕ್ಸ್-ಎಂ0ನಂಥ ಪುಟ್ಟ ಪ್ರೊಸೆಸರ್‌ಗಳಲ್ಲಿ ಇಂದಿಗೂ ಹಾಗೆಯೇ. ಸರಳ ವಿಧಾನದಲ್ಲಿ ಬಿಟ್‌ಗಳನ್ನು ಸರಿಸಿ, ಭಾಜಕವನ್ನು ಕಳೆದು, ಸಲಕ್ಕೊಂದು ಬಿಟ್ ಪಡೆಯುತ್ತಾರೆ.

ಬಹು ಅಂಕಿಗಳ ಸಂಖ್ಯೆಗಳಿಗಾಗಿ ಡೊನಾಲ್ಡ್ ಕ್ನೂತ್ 1969ರಲ್ಲಿ 'ಆಲ್ಗರಿದಮ್ ಡಿ' ಪ್ರಕಟಿಸಿದರು. ಶಾಲೆಯ ದೀರ್ಘ ಭಾಗಾಕಾರದಂತೆ ಇಲ್ಲೂ ಅಂಕಿಯನ್ನು ಅಂದಾಜು ಮಾಡಿ ತಿದ್ದಲಾಗುತ್ತದೆ. 1994ರಲ್ಲಿ ಟೋರ್ಬ್ಯೋರ್ನ್ ಗ್ರಾನ್‌ಲುಂಡ್ ಮತ್ತು ಪೀಟರ್ ಮಾಂಟ್ಗೊಮರಿ, ಭಾಜಕ ಸ್ಥಿರವಾಗಿದ್ದರೆ ಗುಣಾಕಾರದಿಂದಲೇ ಭಾಗಿಸುವ ಸಾಮಾನ್ಯ ವಿಧಾನವನ್ನು ಸಾಧನೆ ಸಮೇತ ಕೊಟ್ಟರು. ಜಿಸಿಸಿ ಕಂಪೈಲರ್ ಅದನ್ನು ಅಳವಡಿಸಿಕೊಂಡಿತು. ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಯನ್ನು 10ರಿಂದ ಭಾಗಿಸಲು 3435973837ರಿಂದ ಗುಣಿಸಿ, ಕೆಳಗಿನ 35 ಬಿಟ್‌ಗಳನ್ನು ಕೈಬಿಟ್ಟರೆ ಸಾಕು.

ತಪ್ಪುಗಳ ಸ್ವರೂಪ. ಭಾಜಕ 7 ಆದಾಗ ಇಂಥ ಗುಣಕಕ್ಕೆ 33 ಬಿಟ್ ಬೇಕು. ಅದರ ಬದಲು 32 ಬಿಟ್‌ನ 2454267027ರಿಂದ ಗುಣಿಸಿ 34 ಬಿಟ್ ಕೈಬಿಟ್ಟರೆ, 3435973840ರವರೆಗೆ ಎಲ್ಲ ಉತ್ತರವೂ ಸರಿ. 3435973841ರಲ್ಲಿ ಭಾಗಲಬ್ಧ ಒಂದು ಹೆಚ್ಚಾಗುತ್ತದೆ. ಸಣ್ಣ ಸಂಖ್ಯೆಗಳನ್ನಷ್ಟೇ ಕೊಟ್ಟು ನೋಡಿದವರಿಗೆ ಇದು ಕಾಣದು. ಆಲ್ಗರಿದಮ್ ಡಿಯಲ್ಲಿ ಅಂದಾಜು ಹೆಚ್ಚಾದಾಗ ಭಾಜಕವನ್ನು ಮರಳಿ ಕೂಡಿಸುವ ಹಂತ ಇನ್ನೂ ವಿರಳ: 32 ಬಿಟ್‌ನ ಅಂಕಿಗಳಲ್ಲಿ ಸುಮಾರು 200 ಕೋಟಿಗೆ ಒಮ್ಮೆ. ಅದಕ್ಕೆಂದೇ ಹೆಣೆದ ಸಂಖ್ಯೆಗಳಿಂದ ಆ ಹಂತವನ್ನು ಪರೀಕ್ಷಿಸಬೇಕೆಂದು ಕ್ನೂತ್ ಸೂಚಿಸಿದ್ದರು. ಚಿಹ್ನೆಯುಳ್ಳ 32 ಬಿಟ್ ಸಂಖ್ಯೆಗಳಲ್ಲಿ −2147483648ನ್ನು −1ರಿಂದ ಭಾಗಿಸಿದರೆ ಬರುವ ಉತ್ತರ ಆ ಅಳತೆಯಲ್ಲಿ ಹಿಡಿಸುವುದೇ ಇಲ್ಲ.

ಪರೀಕ್ಷೆ. 8 ಬಿಟ್‌ನಲ್ಲಿ ಸೊನ್ನೆಯಲ್ಲದ ಭಾಜಕಗಳೊಡನೆ ಆಗುವ ಜೋಡಿಗಳು 65,280, ಎಲ್ಲವನ್ನೂ ಪರೀಕ್ಷಿಸಬಹುದು. ಭಾಜಕ ಸ್ಥಿರವಾಗಿದ್ದರೆ 32 ಬಿಟ್‌ನ ಸುಮಾರು 430 ಕೋಟಿ ಭಾಜ್ಯಗಳನ್ನೂ ಓಡಿಸಿ ನೋಡಬಹುದು. ಎರಡೂ ಬದಲಾಗುವಾಗ ಜೋಡಿಗಳ ಸಂಖ್ಯೆ ಸುಮಾರು 2ರ 64ನೇ ಘಾತ. ಆಗ ಗಣಿತದ ಸಾಧನೆಯೇ ಆಧಾರ. ಅದರ ಷರತ್ತುಗಳನ್ನು ಕೋಡ್ ಪಾಲಿಸಿದೆಯೇ ಎಂದು ಪರಿಶೀಲಕರು ನೋಡುತ್ತಾರೆ. ಭಾಜಕದ ಅಪವರ್ತ್ಯಗಳು, ಅವುಗಳಿಗಿಂತ ಒಂದು ಕಡಿಮೆಯವು, 2ರ ಘಾತಗಳ ಆಚೀಚೆಯವು, ಗರಿಷ್ಠ ಬೆಲೆ ಇವನ್ನೆಲ್ಲ ಕೊಟ್ಟು ಹಳೆಯ, ನಿಧಾನದ ಕ್ರಮವಿಧಿಯ ಉತ್ತರದೊಡನೆ ಹೋಲಿಸುತ್ತಾರೆ. ಭಾಗಲಬ್ಧ, ಭಾಜಕಗಳ ಗುಣಲಬ್ಧಕ್ಕೆ ಶೇಷ ಕೂಡಿಸಿದರೆ ಭಾಜ್ಯ ಬಂದರಷ್ಟೇ ಸಾಲದು. ಶೇಷ ಭಾಜಕಕ್ಕಿಂತ ಕಡಿಮೆಯಿರಲೇಬೇಕು. ಈಚಿನ ಪ್ರೊಸೆಸರ್‌ಗಳಲ್ಲಿ ಯಂತ್ರಾಂಶದ ಭಾಗಾಕಾರವೇ ವೇಗವಾಗಿರುವುದರಿಂದ, ಹೊಸ ಕ್ರಮವಿಧಿ ನಿಜಕ್ಕೂ ಲಾಭದಾಯಕವೇ ಎಂಬುದನ್ನು ಪ್ರತಿ ಪ್ರೊಸೆಸರ್‌ನಲ್ಲೂ ಅಳೆದೇ ನಿರ್ಧರಿಸಬೇಕು.