ಲಿಂಕರ್ ದೋಷಪತ್ತೆಯ ಇತಿಹಾಸ

ಬೇರೆ ಬೇರೆಯಾಗಿ ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳನ್ನು ಒಂದು ಪ್ರೋಗ್ರಾಮ್ ಆಗಿ ಜೋಡಿಸುವುದು ಲಿಂಕರ್‌ನ ಕೆಲಸ. ಒಂದು ಫೈಲ್ ಕೇಳುವ ಹೆಸರು ಎಲ್ಲೂ ಸಿಗದಿದ್ದರೆ, ಅಥವಾ ಒಂದೇ ಹೆಸರು ಎರಡು ಕಡೆ ಸಿಕ್ಕರೆ ಲಿಂಕರ್ ಅಲ್ಲಿಗೇ ನಿಲ್ಲುತ್ತದೆ. ಅದು ಮೂಲ ಕೋಡನ್ನು ಓದುವುದಿಲ್ಲ, ಹೆಸರು ಮತ್ತು ವಿಳಾಸಗಳನ್ನಷ್ಟೇ ಹೊಂದಿಸುತ್ತದೆ. ಹಾಗಾಗಿ ಅದರ ಸಂದೇಶದಿಂದ ತಿಳಿಯುವುದು ಕೊರತೆ ಕಣ್ಣಿಗೆ ಬಿದ್ದ ಜಾಗ. ಕೊರತೆ ಹುಟ್ಟಿದ ಜಾಗ ಹೆಚ್ಚಾಗಿ ಇನ್ನೆಲ್ಲೋ ಇರುತ್ತದೆ. ಕಂಪೈಲರ್ ಟೂಲ್‌ಚೈನನ್ನೇ ಕಟ್ಟುವಾಗ ಈ ಅಂತರ ಎಲ್ಲಕ್ಕಿಂತ ಹೆಚ್ಚು.

ಸಿದ್ಧ ಉಪಪ್ರೋಗ್ರಾಮ್‌ಗಳನ್ನು ತಂದು ಜೋಡಿಸುವ ವಿಚಾರವನ್ನು ಜಾನ್ ಮಾಕ್ಲಿ 1947ರಲ್ಲೇ ಚರ್ಚಿಸಿದ್ದರು. ಕೇಂಬ್ರಿಜ್‌ನ ಎಡ್ಸಾಕ್ ಯಂತ್ರಕ್ಕಾಗಿ ಡೇವಿಡ್ ವೀಲರ್ ಮತ್ತು ಸಂಗಡಿಗರು ಅಂಥ ಗ್ರಂಥಾಲಯವನ್ನೇ ಕಟ್ಟಿದರು. ಗ್ರೇಸ್ ಹಾಪರ್ 1952ರಲ್ಲಿ ಯುನಿವ್ಯಾಕ್‌ಗೆ ರೂಪಿಸಿದ ಎ-0 ಕಂಪೈಲರ್ ಎಂದೇ ಹೆಸರಾದರೂ, ಅದು ಮಾಡುತ್ತಿದ್ದ ಕೆಲಸ ಇಂದಿನ ಲಿಂಕರ್‌ಗೆ ಹೆಚ್ಚು ಹತ್ತಿರ.

ಯುನಿಕ್ಸ್ ಲಿಂಕರ್ ಲೈಬ್ರರಿಯನ್ನು ಒಮ್ಮೆ ಮಾತ್ರ ಓದುತ್ತಿತ್ತು. ಓದುವ ಹೊತ್ತಿಗೆ ಯಾರೂ ಕೇಳಿರದ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಲೈಬ್ರರಿಯೊಳಗಿನ ಫೈಲ್‌ಗಳನ್ನು ಸರಿಯಾದ ಕ್ರಮಕ್ಕೆ ತರಲೆಂದೇ ‘ಲಾರ್ಡರ್’ ಮತ್ತು ‘ಟಿಸಾರ್ಟ್’ ಎಂಬ ಉಪಕರಣಗಳು ಹುಟ್ಟಿದವು. ‘ರ್‍ಯಾನ್‌ಲಿಬ್’ ಸೂಚಿ ಬಂದ ಮೇಲೆ ಆ ಹೊರೆ ಇಳಿಯಿತು. ಆದರೆ ಲೈಬ್ರರಿ ಲೈಬ್ರರಿಗಳ ನಡುವಿನ ಕ್ರಮ ಗ್ನೂ ಲಿಂಕರ್‌ನಲ್ಲಿ ಇಂದಿಗೂ ಮುಖ್ಯ. ಆಜ್ಞೆಯಲ್ಲಿ ಸ್ಟ್ಯಾಟಿಕ್ ಲೈಬ್ರರಿಯ ಹೆಸರು ಅದನ್ನು ಬಳಸುವ ಫೈಲ್‌ಗಿಂತ ಮೊದಲು ಬಂದರೆ, ಲೈಬ್ರರಿ ಕೈಯಲ್ಲೇ ಇದ್ದರೂ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೂರು ಬರುತ್ತದೆ.

ಸಿ++ ಭಾಷೆಯೊಂದಿಗೆ ಹೆಸರುಗಳ ಸ್ವರೂಪವೇ ಬದಲಾಯಿತು. 1989ರ ಸಿ ಮಾನಕ ಹಳೆಯ ಲಿಂಕರ್‌ಗಳನ್ನು ನೆನೆದು ಬೇರೆ ಫೈಲ್‌ಗಳಿಗೂ ಕಾಣುವ ಹೆಸರಿನ ಮೊದಲ 6 ಅಕ್ಷರಗಳಿಗಷ್ಟೇ ಖಾತರಿ ಕೊಟ್ಟಿತ್ತು. ಬ್ಯಾರ್ನೆ ಸ್ಟ್ರೌಸ್ಟ್ರಪ್ ಅದೇ ಕಾಲದಲ್ಲಿ ಆರ್ಗ್ಯುಮೆಂಟ್‌ಗಳ ವಿಧಗಳನ್ನೂ ಹೆಸರಿನೊಳಗೆ ಸೇರಿಸಿದರು. ಇಂದಿನ ಲಿನಕ್ಸ್‌ನಲ್ಲಿ ಎರಡು ಪೂರ್ಣಾಂಕ ಪಡೆಯುವ ‘ಆ್ಯಡ್’ ಫಂಕ್ಷನ್‌ನ ಹೆಸರಿನಲ್ಲಿ ಅಂಡರ್‌ಸ್ಕೋರ್, ಝಡ್, 3, ‘ಆ್ಯಡ್’, ಕೊನೆಗೆ ಎರಡು ಐ ಇರುತ್ತವೆ. 3 ಎಂಬುದು ಹೆಸರಿನ ಇಂಗ್ಲಿಷ್ ಅಕ್ಷರಗಳ ಎಣಿಕೆ. ಎರಡು ಐಗಳು ಎರಡು ಪೂರ್ಣಾಂಕಗಳು. ಓದಲು ಕಷ್ಟ, ನಿಜ. ಆದರೆ ಮೊದಲು ಸದ್ದಿಲ್ಲದೆ ಜೋಡಣೆಯಾಗಿ ಪ್ರೋಗ್ರಾಮ್ ಓಡುವಾಗ ಕೈಕೊಡುತ್ತಿದ್ದ ತಪ್ಪುಗಳು ಲಿಂಕ್ ಹಂತದಲ್ಲೇ ಸಿಕ್ಕಿಬಿದ್ದವು. ದೋಷಪತ್ತೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ ಎನ್ನಬಹುದು.

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಜಿಸಿಸಿಯನ್ನು ಹೊರತಂದ ಮೇಲೆ ಕಂಪೈಲರನ್ನು ಮೂಲದಿಂದ ಕಟ್ಟಿಕೊಳ್ಳುವುದು ಎಲ್ಲರ ಕೈಗೆಟುಕಿತು. ಬೇರೊಂದು ಬಗೆಯ ಯಂತ್ರಕ್ಕಾಗಿ ಕಟ್ಟುವಾಗ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ತೊಡಕು ಎದುರಾಗುತ್ತದೆ. ಸಿ ಲೈಬ್ರರಿ ಕಟ್ಟಲು ಜಿಸಿಸಿ ಬೇಕು, ಜಿಸಿಸಿ ಪೂರ್ತಿಯಾಗಲು ಸಿ ಲೈಬ್ರರಿ ಬೇಕು. ಅದಕ್ಕೇ ಮೊದಲು ಅರೆಬರೆ ಜಿಸಿಸಿ, ಆಮೇಲೆ ಸಿ ಲೈಬ್ರರಿ, ಮತ್ತೆ ಪೂರ್ಣ ಜಿಸಿಸಿ. ಡ್ಯಾನ್ ಕೆಗೆಲ್ ಅವರ ಕ್ರಾಸ್‌ಟೂಲ್ ಈ ಸರಣಿಯನ್ನು ಸ್ಕ್ರಿಪ್ಟ್‌ಗೆ ಇಳಿಸಿತು. ಸರಣಿ ತಪ್ಪಿದಾಗ ‘ಸಿಆರ್‌ಟಿ1’ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಆ ಫೈಲ್ ಸಿ ಲೈಬ್ರರಿಯದು, ‘ಸಿಆರ್‌ಟಿಬಿಗಿನ್’ ಜಿಸಿಸಿಯದು. ಯಾವ ಫೈಲ್ ಯಾರ ಮನೆಯದೆಂದು ತಿಳಿದರೆ ಹುಡುಕಾಟ ಅರ್ಧ ಮುಗಿದಂತೆ. ಉಳಿದರ್ಧಕ್ಕೆ ‘ಎನ್‌ಎಂ’ ಉಪಕರಣವಿದೆ: ಹೆಸರಿನ ಪಕ್ಕದ ‘ಯು’ ಎಂದರೆ ಈ ಫೈಲ್ ಅದನ್ನು ಹೊರಗಿನಿಂದ ಕೇಳುತ್ತಿದೆ, ‘ಟಿ’ ಎಂದರೆ ಆ ಫಂಕ್ಷನ್ ಇಲ್ಲೇ ಇದೆ. ಎಲ್ಲಕ್ಕಿಂತ ಕೊನೆಗೆ ಕಾಣುವ, ಲಿಂಕರ್ 1 ಎಂಬ ಸ್ಥಿತಿಯೊಂದಿಗೆ ಮರಳಿತು ಎನ್ನುವ ‘ಕಲೆಕ್ಟ್2’ ಸಾಲಿನಿಂದ ಏನೂ ತಿಳಿಯದು. ಮೇಲೆ ಸರಿದುಹೋದ ಮೊದಲ ದೂರನ್ನೇ ಹುಡುಕಬೇಕು. ಹಲವು ಕೆಲಸ ಒಟ್ಟಿಗೆ ನಡೆಯುವ ‘ಮೇಕ್’ನಲ್ಲಿ ಅದು ಬೇರೆ ಸಾಲುಗಳ ನಡುವೆ ಕಳೆದುಹೋಗುವುದರಿಂದ, ಒಂದೊಂದೇ ಕೆಲಸವಾಗಿ ಮತ್ತೆ ಓಡಿಸುವುದು ರೂಢಿ.

ಕಂಪೈಲರ್‌ನ ಹೊಸ ಆವೃತ್ತಿಗಳೂ ಹೊಸ ದೋಷಗಳನ್ನು ತಂದಿವೆ. 2015ರ ಜಿಸಿಸಿ 5, ಸಿ++11 ಮಾನಕಕ್ಕೆ ಹೊಂದುವಂತೆ ಸ್ಟ್ರಿಂಗ್‌ನ ರಚನೆಯನ್ನು ಬದಲಿಸಿ, ಹೊಸ ರಚನೆಯ ಹೆಸರಿಗೆ ‘ಸಿಎಕ್ಸ್ಎಕ್ಸ್11’ ಎಂಬ ಗುರುತು ಹಾಕಿತು. ಸಿಗದ ಹೆಸರಿನಲ್ಲಿ ಆ ಗುರುತು ಕಂಡರೆ, ಜೊತೆಗಿರುವ ಲೈಬ್ರರಿ ಹಳೆಯ ರಚನೆಯಲ್ಲಿ ಕಟ್ಟಿದ್ದೆಂದು ಮೊದಲು ಶಂಕಿಸಬೇಕು. 2020ರ ಜಿಸಿಸಿ 10, ಒಂದೇ ಗ್ಲೋಬಲ್ ಚರವನ್ನು ಎರಡು ಸಿ ಫೈಲ್‌ಗಳಲ್ಲಿ ಬರೆದರೂ ಒಂದಾಗಿಸುತ್ತಿದ್ದ ಹಳೆಯ ಸಡಿಲಿಕೆಯನ್ನು ತಾನಾಗಿ ಒದಗಿಸುವುದನ್ನು ನಿಲ್ಲಿಸಿತು. ಲಿನಕ್ಸ್ ಕರ್ನಲ್ ಜೊತೆಗೆ ಬರುವ ‘ಡಿಟಿಸಿ’ ಎಂಬ ಉಪಕರಣದಲ್ಲಿ ‘ವೈವೈಲಾಕ್’ ಎಂಬ ಚರ ಲೆಕ್ಸರ್‌ನಲ್ಲೂ ಪಾರ್ಸರ್‌ನಲ್ಲೂ ಇತ್ತು. ವರ್ಷಗಟ್ಟಲೆ ಕಟ್ಟಲಾಗುತ್ತಿದ್ದ ಕೋಡ್ ‘ಮಲ್ಟಿಪಲ್ ಡೆಫಿನಿಷನ್’ ಎಂದು ನಿಂತಿತು. ‘ಎಫ್‌ಕಾಮನ್’ ಆಯ್ಕೆ ಕೊಟ್ಟು ಹಳೆಯ ನಡವಳಿಕೆಗೆ ಮರಳಬಹುದಿತ್ತು. ಕರ್ನಲ್‌ನವರು ಲೆಕ್ಸರ್‌ನಲ್ಲಿದ್ದ ಹೆಚ್ಚಿನ ಸಾಲನ್ನೇ ತೆಗೆದರು, ಅದೇ ಸರಿಯಾದ ದಾರಿ.

ಎಲ್‌ಎಲ್‌ವಿಎಂ ಯೋಜನೆಯ ಲಿಂಕರ್ ಎಲ್‌ಎಲ್‌ಡಿ, ಸಿಗದ ಹೆಸರನ್ನು ಯಾವ ಫೈಲ್ ಕೇಳಿತು ಎಂದು ಬಿಡಿಸಿ ಹೇಳುತ್ತದೆ, ಹತ್ತಿರದ ಹೆಸರಿದ್ದರೆ ಸೂಚಿಸುತ್ತದೆ. ಓದಿದ ಲೈಬ್ರರಿಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದರಿಂದ ಕ್ರಮ ತಪ್ಪಿದರೂ ಜೋಡಿಸುತ್ತದೆ. ಹೀಗೆ ಜೋಡಣೆಯಾದ ಕೋಡ್ ಗ್ನೂ ಲಿಂಕರ್‌ನಲ್ಲಿ ಸೋಲಬಹುದು. ಅದನ್ನು ಮೊದಲೇ ಎಚ್ಚರಿಸಲು ‘ವಾರ್ನ್ ಬ್ಯಾಕ್‌ರೆಫ್ಸ್’ ಎಂಬ ಆಯ್ಕೆಯನ್ನು ಎಲ್‌ಎಲ್‌ಡಿಗೆ ಸೇರಿಸಲಾಗಿದೆ.