ಗೋಡೆಯಿದ್ದ ಜಾಗದ ಹಸಿರು

ಕುವೈತ್ ಸಿಟಿಯ ಮಿರ್ಗಾಬ್, ಶರ್ಕ್ ಕಡೆ ರೂಮು ಮಾಡಿಕೊಂಡಿರುವ ನಮ್ಮವರಿಗೆ ಸೂರ್ ಸ್ಟ್ರೀಟ್ ಹೊಸದಲ್ಲ. ಅದರ ಪಕ್ಕದ ಅಲ್ ಶಹೀದ್ ಪಾರ್ಕಿಗೂ ಚಳಿಗಾಲದ ಶುಕ್ರವಾರ ಸಂಜೆ ಹಲವರು ಹೋಗಿ ಬಂದಿರುತ್ತಾರೆ, ಫೋಟೋ ತೆಗೆದು ಊರಿಗೆ ಕಳಿಸಿಯೂ ಇರುತ್ತಾರೆ. ಆದರೆ ಇಷ್ಟು ಬೆಲೆಬಾಳುವ ನೆಲ, ನಗರದ ನಡುವೆಯೇ, ಕಟ್ಟಡ ಏಳದೆ ಒಂದು ಬಾಗಿದ ಪಟ್ಟಿಯ ಹಾಗೆ ಹೇಗೆ ಉಳಿಯಿತು? ಉತ್ತರ ರಸ್ತೆಯ ಹೆಸರಿನಲ್ಲೇ ಇದೆ. ಅರಬಿಯಲ್ಲಿ ಸೂರ್ ಎಂದರೆ ಕೋಟೆಗೋಡೆ.

1920ರಲ್ಲಿ ಶೇಖ್ ಸಾಲಿಂ ಅಲ್ ಮುಬಾರಕ್ ಆಳುತ್ತಿದ್ದಾಗ ಮರುಭೂಮಿಯ ಕಡೆಯಿಂದ ಇಖ್ವಾನ್ ಪಡೆಗಳ ದಾಳಿಯ ಭಯ ಎದ್ದಿತು. ಊರಿಗೆ ಮೊದಲು ಎರಡು ಗೋಡೆಗಳಿದ್ದವು, ಆದರೆ ಊರು ಅವನ್ನು ಮೀರಿ ಬೆಳೆದಿತ್ತು. ಹಾಗಾಗಿ ಮೂರನೆಯದು. ಒಂದು ಕಡೆಯ ಕಡಲತೀರದಿಂದ ಇನ್ನೊಂದು ಕಡೆಯ ಕಡಲತೀರದವರೆಗೆ, ಸುಮಾರು ಆರು ಕಿಲೋಮೀಟರ್ ಉದ್ದದ ಮಣ್ಣಿನ ಗೋಡೆ. ಕಟ್ಟಿದವರು ಊರಿನ ಜನರೇ. ಬೇಸಿಗೆ, ಮಧ್ಯೆ ರಂಜಾನ್ ಉಪವಾಸ. ಹಗಲು ಸಾಧ್ಯವಾಗದ್ದನ್ನು ರಾತ್ರಿ ಮಾಡಿ, ಸುಮಾರು ನಾಲ್ಕು ತಿಂಗಳಲ್ಲಿ ಮುಗಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಜಹ್ರಾದ ಕೆಂಪುಕೋಟೆಯ ಬಳಿ ಯುದ್ಧ ನಡೆಯಿತು. ಆಮೇಲೆಯೂ ವರ್ಷಗಟ್ಟಲೆ ಈ ಗೋಡೆಯ ಹೆಬ್ಬಾಗಿಲುಗಳು ರಾತ್ರಿ ಮುಚ್ಚುತ್ತಿದ್ದವು.

ಗೋಡೆಯೊಳಗೆ ಮರವೆಂಬುದು ಅಪರೂಪವಾಗಿತ್ತು. ಕುಡಿಯುವ ನೀರೇ ಹಡಗಿನಲ್ಲಿ ಬರುತ್ತಿತ್ತು! ಶತ್ತುಲ್ ಅರಬ್ ನದಿಯಿಂದ ನೀರು ತುಂಬಿಕೊಂಡು ಬಂದ ದೋಣಿಗಳಿಂದ ಜನ ಕೊಂಡು ಕುಡಿಯುತ್ತಿದ್ದರು. ಹಾಗಿರುವಾಗ ಗಿಡಕ್ಕೆ ನೀರು ಹಾಕುವುದು ಸಿರಿವಂತರಿಗೂ ಯೋಚಿಸುವ ಮಾತು. ಮನೆಯ ಮಾಡಿನ ಗಳುಗಳು ಆಫ್ರಿಕಾದ ಕಾಂಡ್ಲಾ ಕಾಡಿನಿಂದ, ದೋಣಿ ಕಟ್ಟುವ ತೇಗ ನಮ್ಮ ಪಶ್ಚಿಮ ಕರಾವಳಿಯಿಂದ ಬರಬೇಕಿತ್ತು. ಕುವೈತಿನ ನಾವಿಕರಿಗೆ ಮಂಗಳೂರು, ಕಲ್ಲಿಕೋಟೆ ಬಂದರುಗಳು ಪರಿಚಿತ. ಇಲ್ಲಿ 1961ರವರೆಗೆ ನಡೆದದ್ದೂ ರೂಪಾಯಿಯೇ. ನಾವು ದೀನಾರು ದುಡಿಯಲು ಬರುವ ಮೊದಲೇ ನಮ್ಮ ಕಾಡಿನ ಮರ ಇಲ್ಲಿಗೆ ಬಂದಾಗಿತ್ತು ಎಂಬುದನ್ನು ನೆನೆದರೆ ನನಗೆ ಒಂದು ರೀತಿಯ ಸಮಾಧಾನ.

1946ರಲ್ಲಿ ಮೊದಲ ಸಲ ಎಣ್ಣೆ ಹಡಗೇರಿತು. ಮುಂದಿನ ಹತ್ತು ವರ್ಷಗಳಲ್ಲಿ ಊರು ತಲೆಕೆಳಗಾಯಿತು. 1950ರ ದಶಕದ ಆರಂಭದಲ್ಲಿ ಮಿನೋಪ್ರಿಯೊ, ಸ್ಪೆನ್ಸ್ಲಿ, ಮ್ಯಾಕ್‌ಫರ್ಲೇನ್ ಎಂಬ ಲಂಡನ್ನಿನ ಯೋಜಕರು ಹೊಸ ನಗರದ ನಕ್ಷೆ ಬರೆದರು. ಇಂದು ನಾವು ಫಸ್ಟ್ ರಿಂಗ್ ರೋಡ್, ಸೆಕೆಂಡ್ ರಿಂಗ್ ರೋಡ್ ಎಂದು ಟ್ಯಾಕ್ಸಿಯವನಿಗೆ ಹೇಳುವ ರಸ್ತೆಗಳ ಮೂಲ ಅಲ್ಲಿದೆ. ಅರ್ಧಚಂದ್ರದಂತಿರುವ ಆ ರಸ್ತೆಗಳಿಗೆ ಆಕಾರ ಕೊಟ್ಟದ್ದೇ ಹಳೆಯ ಗೋಡೆ. 1953ರಲ್ಲಿ ಶುವೈಖ್‌ನಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ಬಂತು. 1957ರಲ್ಲಿ ಗೋಡೆಯನ್ನು ಕೆಡವಿದರು, ಬಾಗಿಲುಗಳನ್ನು ಮಾತ್ರ ನೆನಪಿಗೆ ಉಳಿಸಿಕೊಂಡರು. ಶೆರಟಾನ್ ರೌಂಡಬೌಟಿನ ನಡುವೆ ನಿಂತಿರುವ ಜಹ್ರಾ ಗೇಟ್ ಅವುಗಳಲ್ಲಿ ಒಂದು. ಗೋಡೆಯಿದ್ದ ಜಾಗವನ್ನು ಹಸಿರು ಪಟ್ಟಿ ಎಂದು ಬಿಟ್ಟರು.

ಇಲ್ಲಿಂದ ಮುಂದಿನದು ನಮ್ಮಂಥವರ ಚರಿತ್ರೆ. ಸರ್ಕಾರ ಹಳೆಯ ಊರಿನ ಮನೆಗಳಿಗೆ ಒಳ್ಳೆಯ ಬೆಲೆ ಕೊಟ್ಟು ಕೊಂಡಿತು. ಕುವೈತಿ ಕುಟುಂಬಗಳು ಹಸಿರು ಪಟ್ಟಿಯ ಆಚೆಯ ಶಾಮಿಯಾ, ಕೈಫಾನ್‌ನಂಥ ಹೊಸ ಬಡಾವಣೆಗಳಿಗೆ, ಅಂಗಳವಿದ್ದ ವಿಲ್ಲಾಗಳಿಗೆ ಹೋದವು. ಬಿಟ್ಟುಹೋದ ಮನೆಗಳಲ್ಲಿ ಕೋಣೆ ಹಂಚಿಕೊಂಡು ಉಳಿದವರು ಹೊರದೇಶದ ಕೂಲಿಗಳು. ಊರ ಜನರನ್ನು ಕಾಯಲು ಎದ್ದ ಗೋಡೆಯ ಒಳಭಾಗದಲ್ಲಿ ಪರದೇಶಿಗಳು, ಹೊರಭಾಗದಲ್ಲಿ ಊರಿನವರು! ಆದರೆ ಅಂಗಳವಿಲ್ಲದವರ ಪಕ್ಕದಲ್ಲಿದ್ದ ಆ ಹಸಿರು ಪಟ್ಟಿ ಬಹುಕಾಲ ಹೆಸರಿಗಷ್ಟೇ ಹಸಿರಾಗಿತ್ತು. ಎರಡೂ ಕಡೆ ದೊಡ್ಡ ರಸ್ತೆ, ನಡುವೆ ಅಲ್ಲಲ್ಲಿ ಹುಲ್ಲು, ಉಳಿದಂತೆ ಧೂಳು. ನಡೆದು ತಲುಪುವುದೇ ಕಷ್ಟವಿದ್ದ ಜಾಗವನ್ನು ಉದ್ಯಾನ ಎನ್ನಲು ನನಗೆ ಮನಸ್ಸು ಬಾರದು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಬಂತು. ಭಾರತ ಸರ್ಕಾರ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಊರಿಗೆ ಕರೆತಂದದ್ದು ಹಿರಿಯರಿಗೆ ಇನ್ನೂ ನೆನಪಿದೆ. ನೀರು ಹಾಯಿಸುವವರಿಲ್ಲದೆ ನಗರದ ಗಿಡಮರಗಳೂ ಒಣಗಿದವು. ಈ ನೆಲದಲ್ಲಿ ಹಸಿರು ತಾನಾಗಿ ಬದುಕುವುದಿಲ್ಲ. ಪೈಪು, ಪಂಪು, ಶುದ್ಧೀಕರಿಸಿದ ಕೊಳಚೆ ನೀರು, ಅದನ್ನು ಬಿಡುವ ಕೈ, ಇವುಗಳಲ್ಲಿ ಒಂದು ನಿಂತರೂ ಬೇಸಿಗೆಯಲ್ಲಿ ಕೆಲವೇ ವಾರ ಸಾಕು. ಸುಲಭವಾಗಿ ಬದುಕುವ ಕೊನೊಕಾರ್ಪಸ್ ಮರವನ್ನು ಎಲ್ಲೆಡೆ ನೆಟ್ಟು ನೋಡಿದರು. ಅದರ ಬೇರು ನೀರು ಹುಡುಕುತ್ತಾ ಪೈಪಿಗೇ ನುಗ್ಗಿತು ಎಂಬ ದೂರು ಬಂತು.

ಈಗಿನ ಪಾರ್ಕು ಆ ಪಟ್ಟಿಯ ಒಂದು ಭಾಗದಲ್ಲಿ 2015ರಲ್ಲಿ ತೆರೆಯಿತು, 2017ರಲ್ಲಿ ಎರಡನೆಯ ಹಂತ. ಶಹೀದ್ ಎಂದರೆ ಹುತಾತ್ಮ. ದೇಶಕ್ಕಾಗಿ ಸತ್ತವರ ನೆನಪಿನ ಮ್ಯೂಸಿಯಂ ಒಳಗಿದೆ. ಇಲ್ಲಿನ ಮರುಭೂಮಿ, ಹಕ್ಕಿ, ಗಿಡಗಳ ಬಗ್ಗೆ ಇನ್ನೊಂದಿದೆ. ಮುಖ್ಯವಾದ ಮಾತೆಂದರೆ ಪ್ರವೇಶಕ್ಕೆ ಹಣವಿಲ್ಲ. ಗಲ್ಫಿನಲ್ಲಿ ಬ್ಯಾಚುಲರ್ ಆಗಿ ಬದುಕಿದವರಿಗೆ ಇದರ ಬೆಲೆ ಗೊತ್ತು. ಎಷ್ಟೋ ಕಡೆ ಟಿಕೆಟ್ ಇರುತ್ತದೆ, ಅಥವಾ ವಾರದ ಕೆಲವು ದಿನ ಹೆಂಗಸರಿಗೆ, ಕುಟುಂಬಗಳಿಗೆ ಮೀಸಲು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವನು ಗೇಟಿನ ಹೊರಗೆ. ಮೀಸಲು ದಿನ ಬೇಡ ಎನ್ನುವುದಿಲ್ಲ, ಹೆಂಗಸರಿಗೂ ನಿರಾಳವಾಗಿ ಕೂರುವ ಜಾಗ ಬೇಕು. ಆದರೆ ಆರು ಮಂದಿಯ ರೂಮಿನಲ್ಲಿ ಬಂಕ್ ಬೆಡ್ಡೊಂದೇ ತನ್ನದು ಎನ್ನುವವನಿಗೆ ಸಂಜೆ ಎರಡು ಗಂಟೆ ಮರದಡಿ ಕೂತು ಮನೆಗೆ ಫೋನು ಮಾಡುವ ಜಾಗವೂ ಬೇಕಲ್ಲವೇ?

ಅಲ್ಲಿ ಹೋದಾಗ ಯೂನಿಫಾರ್ಮಿನಲ್ಲಿ ಪಾತಿಗೆ ನೀರು ಬಿಡುವವರನ್ನು ಮಾತನಾಡಿಸಿ ನೋಡಿ. ಉಪಖಂಡದ ಯಾವುದಾದರೂ ಹಳ್ಳಿಯ ರೈತನ ಮಗನೇ ಸಿಗುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಹಾಗಾಗಿ ಬೇಸಿಗೆಯಲ್ಲಿ ಅವರ ಕೆಲಸ ನಸುಕಿನಲ್ಲೇ ಶುರು. ಗಿಡಗಳ ಹೆಸರು ಕೇಳಿ. ಸಿದ್ರ್ ಎಂದು ತೋರಿಸಿದರೆ ಹತ್ತಿರ ಹೋಗಿ ಮುಳ್ಳು, ಎಲೆ, ಸಣ್ಣ ಹಣ್ಣು ನೋಡಿ: ನಮ್ಮ ಬೋರೆ ಮರದ ಸೋದರನೇ ಅದು.